ಬಿಡುಗಡೆಗೆ ಮುಂಚಿನ ವಾರಗಳಲ್ಲಿ ಓಪನ್ ಸೋರ್ಸ್ ಕೋಡನ್ನು ಅಲುಗದಂತೆ ಹಿಡಿದಿಡುವುದು

ಬಿಡುಗಡೆಗೆ ಮೂರು ದಿನ ಉಳಿದಿರುವಾಗ ಮರ್ಜ್ ಆಗುವ, ಅಂದರೆ ಮುಖ್ಯ ಕೋಡ್‌ಗೆ ಸೇರುವ ಹತ್ತು ಸಾಲಿನ ಪ್ಯಾಚ್ (ತಿದ್ದುಪಡಿ), ಮೂರು ತಿಂಗಳ ಹಿಂದೆ ಮರ್ಜ್ ಆದ ಸಾವಿರ ಸಾಲಿನ ಫೀಚರ್‌ಗಿಂತ ಹೆಚ್ಚು ಅಪಾಯಕಾರಿ ಆಗಬಹುದು. ಆ ಸಾವಿರ ಸಾಲನ್ನು ಡೆವಲಪರ್‌ಗಳು ಮೂರು ತಿಂಗಳಿಂದ ದಿನಾ ಬಿಲ್ಡ್ ಮಾಡಿದ್ದಾರೆ (ಓಡುವ ಪ್ರೋಗ್ರಾಂ ಆಗಿಸಿದ್ದಾರೆ), ಬೇರೆ ಬೇರೆ ಯಂತ್ರಗಳಲ್ಲಿ ಓಡಿಸಿದ್ದಾರೆ. ಅದರ ಮೊದಲ ಸುತ್ತಿನ ಬಗ್‌ಗಳೆಲ್ಲ ಹೊರಬಿದ್ದು ಸರಿಹೋಗಿವೆ. ಈ ಹತ್ತು ಸಾಲನ್ನಾದರೋ ಬರೆದವರು ಮತ್ತು ರಿವ್ಯೂ ಮಾಡಿದವರು ಬಿಟ್ಟರೆ ಇನ್ನಾರೂ ನೋಡಿಲ್ಲ. ಬಗ್ ಸರಿಮಾಡುವ ಪ್ಯಾಚ್ ಕೂಡ ಒಂದು ಬದಲಾವಣೆಯೇ. ಬಿಡುಗಡೆ ಹತ್ತಿರವಾದಂತೆ ಕೋಡ್ ಸ್ಥಿರವಾಗುವುದಕ್ಕೆ ಮುಖ್ಯ ಕಾರಣ ಒಳಗೆ ಬರುವ ಬದಲಾವಣೆಗಳು ಕಡಿಮೆಯಾಗುವುದು. ನಾವು ಎಷ್ಟು ಬಗ್ ಸರಿಪಡಿಸಿದೆವು ಎಂಬುದು ಅದರ ನಂತರದ ಲೆಕ್ಕ. ಫ್ರೀಜ್ ಎನ್ನುವುದು ಬದಲಾವಣೆಗಳು ಬರುವ ಈ ಬಾಗಿಲನ್ನು ಹಂತಹಂತವಾಗಿ ಕಿರಿದು ಮಾಡುವ ವ್ಯವಸ್ಥೆ.

ಹಂತಹಂತವಾಗಿ ಎಂಬುದು ಇಲ್ಲಿ ಮುಖ್ಯ. ಒಂದೇ ದಿನ ಎಲ್ಲವನ್ನೂ ನಿಲ್ಲಿಸುತ್ತೇವೆ ಎಂದು ಘೋಷಿಸಿದರೆ, ಅದರ ಹಿಂದಿನ ರಾತ್ರಿ ಅರೆಬೆಂದ ಫೀಚರ್‌ಗಳೆಲ್ಲ ಒಟ್ಟಿಗೆ ನುಗ್ಗುತ್ತವೆ. ಲಿನಕ್ಸ್ ಡಿಸ್ಟ್ರಿಬ್ಯೂಶನ್ (ಕರ್ನೆಲ್ ಮತ್ತು ಇತರ ತಂತ್ರಾಂಶಗಳನ್ನು ಪ್ಯಾಕೇಜ್‌ಗಳಾಗಿ ಜೋಡಿಸಿ ಹಂಚುವ ವ್ಯವಸ್ಥೆ) ಆದ ಡೆಬಿಯನ್ ಇದನ್ನು ನಾಲ್ಕು ಮೆಟ್ಟಿಲು ಮಾಡಿಕೊಂಡಿದೆ. 12ನೇ ಆವೃತ್ತಿಯಾದ ಬುಕ್‌ವರ್ಮ್‌ಗೆ 2023ರ ಜನವರಿ 12ರಂದು ಮೊದಲ ಫ್ರೀಜ್ ಬಿತ್ತು: ಕಂಪೈಲರ್‌ಗಳು ಮತ್ತು ನೂರಾರು ಪ್ಯಾಕೇಜ್‌ಗಳನ್ನು ಮತ್ತೆ ಬಿಲ್ಡ್ ಮಾಡಿಸುವಂಥ ಲೈಬ್ರರಿ ಬದಲಾವಣೆಗಳು ಅಲ್ಲಿಗೆ ನಿಂತವು. ಫೆಬ್ರವರಿ 12ರಿಂದ ಸಾಫ್ಟ್ ಫ್ರೀಜ್. ಅಲ್ಲಿಂದಾಚೆಗೆ ಹೊಸ ಪ್ಯಾಕೇಜ್ ಇಲ್ಲ, ಸಣ್ಣ ಮತ್ತು ಗುರಿಯಿಟ್ಟ ತಿದ್ದುಪಡಿ ಮಾತ್ರ. ಮಾರ್ಚ್ 12ರಿಂದ ಹಾರ್ಡ್ ಫ್ರೀಜ್: ಪ್ರಮುಖ ಪ್ಯಾಕೇಜ್‌ಗಳು ಹಾಗೂ ಸ್ವಯಂಚಾಲಿತ ಟೆಸ್ಟ್ ಇಲ್ಲದ ಪ್ಯಾಕೇಜ್‌ಗಳ ಪ್ರತಿ ಬದಲಾವಣೆಯನ್ನೂ ರಿಲೀಸ್ ತಂಡದವರು ಕಣ್ಣಾರೆ ಓದಿ ಒಪ್ಪಬೇಕು. ಮೇ ಕೊನೆಯ ಪೂರ್ಣ ಫ್ರೀಜ್‌ನಲ್ಲಿ ಈ ನಿಯಮ ಎಲ್ಲಕ್ಕೂ ಅನ್ವಯ. ಜೂನ್ 10ಕ್ಕೆ ಬಿಡುಗಡೆ. ಇದರಲ್ಲಿ ಮೆಚ್ಚಬೇಕಾದ ಅಂಶ ಆ ಕ್ರಮ. ಬದಲಾದರೆ ಅತಿ ಹೆಚ್ಚು ಕಡೆ ಪರಿಣಾಮ ಬೀರುವ ಭಾಗ ಮೊದಲು ನಿಲ್ಲುತ್ತದೆ, ಅಂಚಿನಲ್ಲಿರುವುದು ಕೊನೆಗೆ ನಿಲ್ಲುತ್ತದೆ. ಟೆಸ್ಟ್ ಬರೆದಿಟ್ಟ ಪ್ಯಾಕೇಜ್‌ಗೆ ಸ್ವಲ್ಪ ಹೆಚ್ಚು ಸಲಿಗೆ ಸಿಗುವುದರಿಂದ ಟೆಸ್ಟ್ ಬರೆಯಲು ಒಂದು ಕಾರಣವೂ ಹುಟ್ಟುತ್ತದೆ.

ಲಿನಕ್ಸ್ ಕರ್ನೆಲ್‌ನ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ವಿಧಾನ ಬೇರೆ. ಎರಡು ವಾರ ಮರ್ಜ್ ವಿಂಡೋ ತೆರೆದಿರುತ್ತದೆ, ಹೊಸತೆಲ್ಲ ಅಷ್ಟರೊಳಗೆ ಬರಬೇಕು. ಆಮೇಲೆ ಆರ್‌ಸಿ1, ಅಂದರೆ ಮೊದಲ ರಿಲೀಸ್ ಕ್ಯಾಂಡಿಡೇಟ್ (ಬಿಡುಗಡೆಗೆ ಅಭ್ಯರ್ಥಿಯಾದ ಪರೀಕ್ಷಾ ಆವೃತ್ತಿ) ಹೊರಬೀಳುತ್ತದೆ, ವಾರಕ್ಕೊಂದರಂತೆ ಆರ್‌ಸಿ7 ಅಥವಾ ಆರ್‌ಸಿ8ರವರೆಗೆ ಬರೀ ತಿದ್ದುಪಡಿಗಳ ಕಾಲ. ಒಟ್ಟು ಒಂಬತ್ತು ಹತ್ತು ವಾರ. ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್ ವರ್ಷಕ್ಕೊಂದು ಆವೃತ್ತಿ ತರುತ್ತದೆ: ಮೊದಲ ಬೀಟಾ ಬಂದ ದಿನವೇ ಫೀಚರ್ ಫ್ರೀಜ್, ಮೂರು ತಿಂಗಳ ಬೀಟಾ, ಎರಡು ತಿಂಗಳ ಆರ್‌ಸಿ, ಅಕ್ಟೋಬರ್‌ನಲ್ಲಿ ಬಿಡುಗಡೆ. ಮೊದಲ ಆರ್‌ಸಿ ಬಂದ ಮೇಲೆ ಬೈನರಿ ಮಟ್ಟದ ಇಂಟರ್‌ಫೇಸ್ (ಬಿಲ್ಡ್ ಆದ ಪ್ರೋಗ್ರಾಂಗಳು ಪರಸ್ಪರ ಕೂಡುವ ರೀತಿ) ಬದಲಾಗುವುದಿಲ್ಲ. ಹಾಗಾಗಿ ಲೈಬ್ರರಿ ಬರೆಯುವವರು ಆರ್‌ಸಿಯ ಮೇಲೆ ಬಿಲ್ಡ್ ಮಾಡಿದ್ದನ್ನು ಅಂತಿಮ ಆವೃತ್ತಿಗೂ ಹಾಗೆಯೇ ಹಂಚಬಹುದು. ಬಿಡುಗಡೆಯ ದಿನ ಬಳಕೆದಾರನ ಕೈಗೆ ಖಾಲಿ ಪೈಥಾನ್ ಒಂದೇ ಬರದೆ ಅವನ ಲೈಬ್ರರಿಗಳೂ ಜೊತೆಗೆ ಸಿಗುವುದು ಈ ಒಂದು ನಿಯಮದಿಂದ.

ಗ್ನೋಮ್‌ನಂಥ ಡೆಸ್ಕ್‌ಟಾಪ್ ಯೋಜನೆಗಳಲ್ಲಿ ಸ್ಟ್ರಿಂಗ್ ಫ್ರೀಜ್ ಎಂಬ ಇನ್ನೊಂದು ಮೆಟ್ಟಿಲಿದೆ. ಪರದೆಯ ಮೇಲೆ ಕಾಣುವ ಒಂದು ವಾಕ್ಯದಲ್ಲಿ ಅಲ್ಪವಿರಾಮ ಸೇರಿಸಿದರೂ ಅನುವಾದದ ಕಡತದಲ್ಲಿ ಆ ವಾಕ್ಯದ ಹೊಂದಾಣಿಕೆ ತಪ್ಪುತ್ತದೆ, ಎಲ್ಲ ಭಾಷೆಗಳಲ್ಲೂ ಆ ಸಾಲು ಮತ್ತೆ ಇಂಗ್ಲಿಷ್‌ಗೆ ಮರಳುತ್ತದೆ. ಅನುವಾದಕರಿಗೆ ಕೆಲವು ವಾರ ಅಲುಗದ ಪಠ್ಯ ಬೇಕು. ಕನ್ನಡದಲ್ಲಿ ಡೆಸ್ಕ್‌ಟಾಪ್ ಬಳಸುವವರಿಗೆ ಈ ಶಿಸ್ತಿನ ಬೆಲೆ ಬೇಗ ಅರ್ಥವಾಗುತ್ತದೆ.

ಸ್ವಯಂಸೇವಕರನ್ನು ನಿಲ್ಲಿಸುವುದು ಹೇಗೆ?

ಕಂಪನಿಯೊಳಗೆ ಮ್ಯಾನೇಜರ್ ಒಬ್ಬರು ಎಲ್ಲರನ್ನೂ ಎರಡು ವಾರ ಬಗ್ ಸರಿಪಡಿಸಲು ಕೂರಿಸಬಹುದು. ಓಪನ್ ಸೋರ್ಸ್‌ನಲ್ಲಿ ಆ ಅಧಿಕಾರ ಯಾರಿಗೂ ಇಲ್ಲ. ಫೀಚರ್ ಬರೆಯಲು ಬಂದ ಸ್ವಯಂಸೇವಕನಿಗೆ ಮುಖ್ಯ ಬ್ರಾಂಚ್ (ಎಲ್ಲರ ಕೆಲಸ ಬಂದು ಸೇರುವ ಕೋಡ್‌ನ ಕವಲು) ಮುಚ್ಚಿದೆ ಎಂದರೆ ಅವನು ತನ್ನ ಬ್ರಾಂಚಿನಲ್ಲಿ ಬರೆಯುತ್ತಲೇ ಇರುತ್ತಾನೆ, ಇಲ್ಲವೇ ಹೊರಟುಹೋಗುತ್ತಾನೆ. ಮುಖ್ಯ ಬ್ರಾಂಚನ್ನು ಎರಡು ತಿಂಗಳು ಮುಚ್ಚಿಟ್ಟು ತೆರೆದ ದಿನ ಇನ್ನೂರು ಪ್ಯಾಚ್‌ಗಳು ಒಟ್ಟಿಗೆ ಬರುತ್ತವೆ. ಯಾವುದು ಏನನ್ನು ಮುರಿಯಿತು ಎಂದು ಆಗ ಗೊತ್ತಾಗುವುದಿಲ್ಲ.

ಅದಕ್ಕೇ ಹೆಚ್ಚಿನ ಯೋಜನೆಗಳು ಬಿಡುಗಡೆಗೆಂದು ಪ್ರತ್ಯೇಕ ಬ್ರಾಂಚ್ ಕವಲೊಡೆಸುತ್ತವೆ. ಮುಖ್ಯ ಬ್ರಾಂಚಿನಲ್ಲಿ ಮುಂದಿನ ಆವೃತ್ತಿಯ ಕೆಲಸ ಸಾಗುತ್ತದೆ, ರಿಲೀಸ್ ಬ್ರಾಂಚಿಗೆ ಆಯ್ದ ತಿದ್ದುಪಡಿಗಳಷ್ಟೇ ಹೋಗುತ್ತವೆ. ಕಂಪೈಲರ್ ಯೋಜನೆಯಾದ ಎಲ್‌ಎಲ್‌ವಿಎಂ ಹಾಗೂ ಕಂಟೇನರ್‌ಗಳನ್ನು ನಿರ್ವಹಿಸುವ ಕುಬರ್ನೆಟೀಸ್‌ನಲ್ಲಿ ಹೀಗೆ. ಇದಕ್ಕೊಂದು ಬೆಲೆಯೂ ಇದೆ. ಬ್ರಾಂಚ್ ತೀರಾ ಬೇಗ ಕವಲೊಡೆದರೆ ಎಲ್ಲರ ಗಮನ ಮುಂದಿನ ಆವೃತ್ತಿಗೆ ಹಾರುತ್ತದೆ, ರಿಲೀಸ್ ಬ್ರಾಂಚನ್ನು ಓಡಿಸಿ ನೋಡುವವರೇ ಇರುವುದಿಲ್ಲ. ತೀರಾ ತಡವಾದರೆ ಮುಖ್ಯ ಬ್ರಾಂಚಿನಲ್ಲಿ ದಟ್ಟಣೆ. ಸಣ್ಣ ಯೋಜನೆಗೆ, ಅಂದರೆ ಸಕ್ರಿಯ ಮೇಂಟೇನರ್‌ಗಳು (ಕೋಡನ್ನು ನೋಡಿಕೊಳ್ಳುವವರು) ನಾಲ್ಕೈದು ಮಂದಿಗಿಂತ ಕಡಿಮೆ ಇದ್ದರೆ, ಮೊದಲ ಆರ್‌ಸಿಯ ತನಕ ಮುಖ್ಯ ಬ್ರಾಂಚನ್ನೇ ಫ್ರೀಜ್ ಮಾಡಿ ಅಲ್ಲಿಂದ ಕವಲೊಡೆಸುವುದು ಒಳ್ಳೆಯದು. ಎರಡು ಬ್ರಾಂಚ್ ಸಾಕುವಷ್ಟು ಕೈಗಳು ಅಲ್ಲಿರುವುದಿಲ್ಲ.

ಆತುರ ತಗ್ಗಿಸುವ ನಿಜವಾದ ಮದ್ದು ಬಿಡುಗಡೆಯ ಲಯದಲ್ಲಿದೆ. ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆ ಆರು ವಾರಕ್ಕೊಂದು ಸ್ಥಿರ ಆವೃತ್ತಿ ಹೊರತರುತ್ತದೆ. ತನ್ನ ಫೀಚರ್ ಈ ಬಾರಿ ತಪ್ಪಿದರೆ ಇನ್ನು ಆರೇ ವಾರ ಎಂದು ಗೊತ್ತಿರುವ ಡೆವಲಪರ್ ಅರೆಬೆಂದದ್ದನ್ನು ತುರುಕಲು ಹೋಗುವುದಿಲ್ಲ. ಮುಂದಿನ ಬಿಡುಗಡೆ ಎರಡು ವರ್ಷಕ್ಕೋ ಯಾವಾಗಲೋ ಎಂದಾದರೆ ಯಾವ ಫ್ರೀಜ್ ನಿಯಮವೂ ಆ ಒತ್ತಡವನ್ನು ತಡೆಯಲಾರದು.

ಯಾವ ಪ್ಯಾಚ್ ಒಳಗೆ, ಯಾವುದು ಹೊರಗೆ

ಇದನ್ನು ಫ್ರೀಜ್ ಶುರುವಾಗುವ ಮೊದಲೇ ಬರೆದಿಡಬೇಕು. ನಡುವೆ ಚರ್ಚಿಸಹೊರಟರೆ ಪ್ರತಿ ಪ್ಯಾಚ್‌ಗೂ ಒಂದು ಜಗಳ. ಬಿಡುಗಡೆಯನ್ನು ತಡೆದು ನಿಲ್ಲಿಸಬೇಕಾದ ಬಗ್‌ಗಳ ಪಟ್ಟಿ ಚಿಕ್ಕದಾಗಿರಲಿ: ಡೇಟಾ ಕಳೆದುಹೋಗುವುದು, ಭದ್ರತಾ ಲೋಪ, ಬೆಂಬಲಿಸುತ್ತೇವೆ ಎಂದ ವೇದಿಕೆಯಲ್ಲಿ ಬಿಲ್ಡ್ ಆಗದಿರುವುದು, ಹಿಂದಿನ ಆವೃತ್ತಿಯಿಂದ ಅಪ್‌ಗ್ರೇಡ್ ಮುರಿಯುವುದು, ಮತ್ತು ರಿಗ್ರೆಶನ್, ಅಂದರೆ ಹಿಂದಿನ ಆವೃತ್ತಿಯಲ್ಲಿ ಕೆಲಸ ಮಾಡುತ್ತಿದ್ದದ್ದು ಈಗ ಮಾಡದಿರುವುದು. ಹಿಂದಿನ ಎರಡು ಆವೃತ್ತಿಗಳಲ್ಲೂ ಇದ್ದ ಬಗ್ ಎಷ್ಟೇ ಕೆಟ್ಟದಾಗಿ ಕಂಡರೂ ಬಿಡುಗಡೆಯನ್ನು ತಡೆಯಬಾರದು. ಬಳಕೆದಾರರು ಅದರ ಸುತ್ತ ದಾರಿ ಕಂಡುಕೊಂಡಿದ್ದಾರೆ. ಅದನ್ನು ಸರಿಪಡಿಸುವ ಪ್ಯಾಚ್ ಮಾತ್ರ ಯಾರಿಗೂ ಪರಿಚಯವಿಲ್ಲದ ಹೊಸ ತೊಂದರೆ ತರಬಲ್ಲದು. ಇದು ಕಠೋರ ಎನಿಸಿದರೂ ಅನೇಕ ಬಿಡುಗಡೆಗಳು ತಿಂಗಳುಗಟ್ಟಲೆ ಎಳೆಯುವುದು ಹಳೆಯ ಬಗ್‌ಗಳನ್ನು ಈ ಪಟ್ಟಿಗೆ ಸೇರಿಸುವುದರಿಂದಲೇ.

ಕರ್ನೆಲ್‌ನ ಸ್ಟೇಬಲ್ ಬ್ರಾಂಚಿನ ನಿಯಮಗಳು ಯಾವ ಯೋಜನೆಗೂ ಒಳ್ಳೆಯ ಮಾದರಿ. ಪ್ಯಾಚ್ ಅಥವಾ ಅದಕ್ಕೆ ಸಮನಾದದ್ದು ಮುಖ್ಯ ಬ್ರಾಂಚಿನಲ್ಲಿ ಆಗಲೇ ಇರಬೇಕು. ಸರಿಯೆಂದು ಓದಿದರೇ ತಿಳಿಯುವಂತಿರಬೇಕು, ಪರೀಕ್ಷೆಯೂ ಆಗಿರಬೇಕು. ಸುತ್ತಲಿನ ಸಾಲುಗಳೂ ಸೇರಿ 100 ಸಾಲು ಮೀರಬಾರದು. ಜನರಿಗೆ ನಿಜವಾಗಿ ತೊಂದರೆ ಕೊಡುವ ಬಗ್ಗನ್ನು ಸರಿಪಡಿಸಬೇಕು, ಹೀಗಾದರೆ ಹೀಗಾಗಬಹುದು ಎಂಬ ಊಹೆಯನ್ನಲ್ಲ. ಮೊದಲ ನಿಯಮ ಹೊಸಬರಿಗೆ ವಿಚಿತ್ರವೆನಿಸುತ್ತದೆ. ತುರ್ತಿನಲ್ಲಿ ರಿಲೀಸ್ ಬ್ರಾಂಚಿನಲ್ಲೇ ನೇರವಾಗಿ ಸರಿಪಡಿಸಿ, ಮುಖ್ಯ ಬ್ರಾಂಚಿಗೆ ಆಮೇಲೆ ಹಾಕೋಣ ಎಂದರೆ ಆ ಆಮೇಲೆ ಎಷ್ಟೋ ಸಲ ಬರುವುದೇ ಇಲ್ಲ. ಬಳಕೆದಾರನಿಗೆ ಈ ಆವೃತ್ತಿಯಲ್ಲಿ ಹೋದ ಬಗ್ ಮುಂದಿನದರಲ್ಲಿ ಮತ್ತೆ ಎದುರಾಗುತ್ತದೆ. ಮುಖ್ಯ ಬ್ರಾಂಚಿನಿಂದ ಗಿಟ್‌ನಲ್ಲಿ (ಕೋಡ್‌ನ ಇತಿಹಾಸ ಕಾಯ್ದಿಡುವ ಉಪಕರಣ) ಚೆರ್ರಿ ಪಿಕ್ ಮಾಡುವಾಗ, ಅಂದರೆ ಒಂದು ಬದಲಾವಣೆಯನ್ನಷ್ಟೇ ಆರಿಸಿ ತರುವಾಗ, ಮೈನಸ್ ಎಕ್ಸ್ (-x) ಆಯ್ಕೆ ಹಾಕುವುದನ್ನು ಕಡ್ಡಾಯ ಮಾಡಿ. ಮೂಲ ಕಮಿಟ್‌ನ (ದಾಖಲಾದ ಒಂದು ಬದಲಾವಣೆ) ಹ್ಯಾಶ್, ಅಂದರೆ ಗುರುತಿನ ಸಂಖ್ಯೆ, ಹೊಸ ಕಮಿಟ್ ಸಂದೇಶದಲ್ಲಿ ಉಳಿಯುತ್ತದೆ, ಯಾವುದು ಬಂದಿದೆ ಯಾವುದು ಬಂದಿಲ್ಲ ಎಂದು ಸ್ಕ್ರಿಪ್ಟ್ ಒಂದು ನಿಮಿಷದಲ್ಲಿ ಹೇಳಬಲ್ಲದು.

ಪ್ಯಾಚ್ ಒಂದನ್ನು ಹತ್ತಿರದಿಂದ ನೋಡೋಣ. ಖಾಲಿ ಕಾನ್ಫಿಗ್ ಕಡತ ಕೊಟ್ಟರೆ ಪ್ರೋಗ್ರಾಂ ಕ್ರ್ಯಾಶ್ ಆಗುತ್ತದೆ. ಪ್ಯಾಚ್ ಬರುತ್ತದೆ: ಪಾರ್ಸರ್ (ಕಡತವನ್ನು ಓದಿ ಬಿಡಿಸುವ ಭಾಗ) ಮರಳಿಸಿದ ಪಾಯಿಂಟರ್ ನಲ್ ಆಗಿದ್ದರೆ, ಅಂದರೆ ಏನನ್ನೂ ಸೂಚಿಸದಿದ್ದರೆ, ಸುಮ್ಮನೆ ಹಿಂದಿರುಗುವ ಎರಡು ಸಾಲು. ಜೊತೆಗೆ ಪಕ್ಕದ ಫಂಕ್ಷನ್‌ನ ಹೆಸರು ಬದಲಾಗಿದೆ, ಇಂಡೆಂಟೇಶನ್ (ಸಾಲಿನ ಮುಂದಿನ ಖಾಲಿ ಜಾಗ) ತಿದ್ದಲಾಗಿದೆ. ಫ್ರೀಜ್ ಕಾಲದ ರಿವ್ಯೂನಲ್ಲಿ ಎರಡು ಪ್ರಶ್ನೆ ಕೇಳಬೇಕು. ಆ ಹೆಸರು ಮತ್ತು ಇಂಡೆಂಟೇಶನ್ ಇಲ್ಲೇಕೆ? ಅವನ್ನು ತೆಗೆದು ಕಳಿಸಿ. ಎರಡನೆಯದು ಗಂಭೀರ: ಸುಮ್ಮನೆ ಹಿಂದಿರುಗಿದರೆ ಕರೆದವರಿಗೆ ಏನು ತಿಳಿಯುತ್ತದೆ? ಕಾನ್ಫಿಗ್ ಓದಿಯಾಯಿತು ಎಂದುಕೊಂಡು ಅವರು ಮುಂದುವರಿದರೆ, ಜೋರಾಗಿ ಬಿದ್ದು ತೋರಿಸುತ್ತಿದ್ದ ಕ್ರ್ಯಾಶ್ ಈಗ ತಪ್ಪು ಸೆಟ್ಟಿಂಗ್‌ನಲ್ಲಿ ಮೌನವಾಗಿ ಓಡುವ ಪ್ರೋಗ್ರಾಂ ಆಗುತ್ತದೆ. ಕೊನೆಯ ವಾರದಲ್ಲಿ ಬರುವ ಕೆಟ್ಟ ತಿದ್ದುಪಡಿಗಳಲ್ಲಿ ಈ ಬಗೆಯದು ಮೇಲಿಂದ ಮೇಲೆ ಸಿಗುತ್ತದೆ. ಬಗ್ ಹೋಗಿರುವುದಿಲ್ಲ, ಕಾಣದ ಕಡೆ ಸರಿದಿರುತ್ತದೆ. ಸರಿಯಾದ ಪ್ಯಾಚ್ ದೋಷದ ಸಂಕೇತ ಮರಳಿಸುತ್ತದೆ, ಖಾಲಿ ಕಡತ ಕೊಟ್ಟು ನೋಡುವ ಒಂದು ಟೆಸ್ಟ್ ತರುತ್ತದೆ. ಆ ಟೆಸ್ಟ್ ತಿದ್ದುಪಡಿ ಇಲ್ಲದೆ ಫೇಲ್ ಆಗುತ್ತದೆಯೇ ಎಂದೂ ಓಡಿಸಿ ನೋಡಬೇಕು. ಎರಡೂ ಸ್ಥಿತಿಯಲ್ಲಿ ಪಾಸ್ ಆಗುವ ಟೆಸ್ಟ್ ಏನನ್ನೂ ಸಾಬೀತು ಮಾಡುವುದಿಲ್ಲ.

ಅಂತಿಮ ಒಪ್ಪಿಗೆ ಕೊಡುವವರು ರಿಲೀಸ್ ಮ್ಯಾನೇಜರ್, ಪ್ಯಾಚ್ ಬರೆದವರಲ್ಲ. ಅವರ ಕೆಲಸದ ಬಹುಪಾಲು ಬೇಡ ಎನ್ನುವುದೇ ಆಗಿರುತ್ತದೆ.

ಸರಿಪಡಿಸುವುದಕ್ಕಿಂತ ಹಿಂತೆಗೆಯುವುದು

ರಿಗ್ರೆಶನ್ ಕಂಡಿತು ಎಂದಿಟ್ಟುಕೊಳ್ಳಿ. ಮೊದಲ ಕೆಲಸ ಯಾವ ಕಮಿಟ್ ಕಾರಣ ಎಂದು ಹುಡುಕುವುದು. ಗಿಟ್ ಬೈಸೆಕ್ಟ್ ಇರುವ ಕಮಿಟ್‌ಗಳನ್ನು ಅರ್ಧರ್ಧ ಮಾಡುತ್ತಾ ಹೋಗುತ್ತದೆ. ಸಾವಿರ ಕಮಿಟ್‌ಗೆ ಹತ್ತು ಹೆಜ್ಜೆ, ಹನ್ನೆರಡು ಸಾವಿರಕ್ಕೂ ಹದಿನಾಲ್ಕೇ. ಬೈಸೆಕ್ಟ್ ರನ್‌ಗೆ ಒಂದು ಸ್ಕ್ರಿಪ್ಟ್ ಕೊಟ್ಟರೆ ತಾನೇ ಓಡುತ್ತದೆ: ಸ್ಕ್ರಿಪ್ಟ್ 0 ಮರಳಿಸಿದರೆ ಕಮಿಟ್ ಒಳ್ಳೆಯದು, 125 ಮರಳಿಸಿದರೆ ಈ ಕಮಿಟ್ ಪರೀಕ್ಷಿಸಲಾಗದು, ಬಿಟ್ಟು ಮುಂದೆ ಹೋಗು ಎಂದರ್ಥ. 127ರವರೆಗಿನ ಉಳಿದ ಸಂಖ್ಯೆಗಳೆಲ್ಲ ಕೆಟ್ಟದ್ದು ಎಂಬ ಸೂಚನೆ. ಬಿಲ್ಡ್ ಫೇಲ್ ಆದಾಗ 125 ಬದಲು 1 ಮರಳಿಸಿಬಿಟ್ಟರೆ ಬೈಸೆಕ್ಟ್ ಯಾವುದೋ ನಿರಪರಾಧಿ ಕಮಿಟ್‌ನತ್ತ ಬೆರಳು ತೋರಿಸುತ್ತದೆ. ಒಮ್ಮೊಮ್ಮೆ ಮಾತ್ರ ಕಾಣುವ ಬಗ್ ಆದರೆ ಸ್ಕ್ರಿಪ್ಟ್ ಒಳಗೆ ಟೆಸ್ಟನ್ನು ಇಪ್ಪತ್ತು ಮೂವತ್ತು ಸಲ ಓಡಿಸಿ, ಒಂದು ಸಲ ಬಿದ್ದರೂ ಕೆಟ್ಟದ್ದು ಎನ್ನಿ. ಇದೆಲ್ಲ ಕೈಗೂಡಬೇಕಾದರೆ ಪ್ರತಿ ಕಮಿಟ್ ತಾನಾಗಿ ಬಿಲ್ಡ್ ಆಗುವಂತಿರಬೇಕು. ಮೂರನೆಯ ಕಮಿಟ್ ಬಂದ ಮೇಲಷ್ಟೇ ಮೊದಲ ಎರಡು ಬಿಲ್ಡ್ ಆಗುತ್ತವೆ ಎನ್ನುವ ಸರಣಿಗಳು ಈ ಉಪಕರಣವನ್ನೇ ಮೊಂಡು ಮಾಡುತ್ತವೆ.

ಅಪರಾಧಿ ಕಮಿಟ್ ಸಿಕ್ಕಿತು. ಈಗ ಅದನ್ನು ತಿದ್ದಬೇಕೋ ಹಿಂತೆಗೆಯಬೇಕೋ? ಬಿಡುಗಡೆಗೆ ಮುಂಚಿನ ವಾರಗಳಲ್ಲಿ ಉತ್ತರ ಮೊದಲೇ ನಿಶ್ಚಿತವಾಗಿರಲಿ: ಹಿಂತೆಗೆಯುವುದು. ರಿವರ್ಟ್ ಮಾಡಿದರೆ ಸಾಮಾನ್ಯವಾಗಿ ಜನ ಬಳಸಿ ಪರಿಚಿತವಾದ ಕೋಡ್‌ಗೆ ಮರಳುತ್ತೇವೆ. ತಿದ್ದಿದರೆ ಯಾರೂ ಬಳಸದ ಮೂರನೆಯ ಸ್ಥಿತಿಗೆ ಹೋಗುತ್ತೇವೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ 15ನೇ ಆವೃತ್ತಿಯ ಉದಾಹರಣೆ ನನಗೆ ಯಾವಾಗಲೂ ಗೌರವ ಹುಟ್ಟಿಸುತ್ತದೆ. ಬಹುಕಾಲ ಕಾಯಿಸಿದ ಎಸ್‌ಕ್ಯುಎಲ್ ಜೇಸನ್ ಸೌಲಭ್ಯಗಳು (ಜೇಸನ್ ರೂಪದ ಡೇಟಾವನ್ನು ಎಸ್‌ಕ್ಯುಎಲ್ ಪ್ರಶ್ನಾಭಾಷೆಯಲ್ಲಿ ನಿಭಾಯಿಸುವಂಥವು) ಬೀಟಾದಲ್ಲಿ ಆಗಲೇ ಬಂದಿದ್ದವು, ಜನ ಬಳಸಿ ನೋಡುತ್ತಿದ್ದರು. ದೋಷ ನಿರ್ವಹಣೆಯ ವಿನ್ಯಾಸದಲ್ಲಿ ಗಂಭೀರ ಪ್ರಶ್ನೆಗಳು ಎದ್ದವು. 2022ರ ಸೆಪ್ಟೆಂಬರ್ ಮೊದಲಲ್ಲಿ, ಬಿಡುಗಡೆಗೆ ಆರು ವಾರ ಇದೆ ಎನ್ನುವಾಗ, ಅಷ್ಟನ್ನೂ ಹೊರತೆಗೆದರು. 15ನೇ ಆವೃತ್ತಿ ಅಕ್ಟೋಬರ್ 13ರಂದು ಅದಿಲ್ಲದೆ ಬಂತು. ಕೆಲಸ ವ್ಯರ್ಥವಾಗಲಿಲ್ಲ: ಕೆಲಭಾಗ 16ರಲ್ಲಿ, ಇನ್ನಷ್ಟು 17ರಲ್ಲಿ ಸೇರಿತು. ರಿವರ್ಟ್ ಎಂದರೆ ಅವಮಾನವಲ್ಲ ಎಂಬ ವಾತಾವರಣ ಇರುವ ಯೋಜನೆಯಲ್ಲಷ್ಟೇ ಇಂಥ ನಿರ್ಧಾರ ಸಾಧ್ಯ. ಅದಕ್ಕೇ ರಿವರ್ಟ್ ಕಮಿಟ್‌ನ ಸಂದೇಶದಲ್ಲಿ ಕಾರಣವನ್ನೂ ಮತ್ತೆ ಬರಲು ಏನಾಗಬೇಕು ಎಂಬುದನ್ನೂ ಬರೆಯಬೇಕು.

ಇಲ್ಲೊಂದು ಗುಂಡಿ ಇದೆ. ಒಂದು ಮರ್ಜ್ ಕಮಿಟ್ಟನ್ನು (ಒಂದು ಬ್ರಾಂಚನ್ನು ಇನ್ನೊಂದಕ್ಕೆ ಸೇರಿಸಿದ ದಾಖಲೆ) ರಿವರ್ಟ್ ಮಾಡಿದ ಮೇಲೆ, ಅದೇ ಬ್ರಾಂಚಿನಲ್ಲಿ ದೋಷ ಸರಿಪಡಿಸಿ ಮತ್ತೆ ಮರ್ಜ್ ಮಾಡಿದರೆ ಹಳೆಯ ಕಮಿಟ್‌ಗಳ ಬದಲಾವಣೆ ಬರುವುದಿಲ್ಲ, ಹೊಸ ತಿದ್ದುಪಡಿಯಷ್ಟೇ ಬರುತ್ತದೆ. ಗಿಟ್‌ನ ದೃಷ್ಟಿಯಲ್ಲಿ ಹಳೆಯ ಕಮಿಟ್‌ಗಳು ಆಗಲೇ ಇತಿಹಾಸದಲ್ಲಿವೆ. ಮೊದಲು ಆ ರಿವರ್ಟನ್ನೇ ರಿವರ್ಟ್ ಮಾಡಬೇಕು, ಅಥವಾ ಬ್ರಾಂಚನ್ನು ಹೊಸ ಹ್ಯಾಶ್‌ಗಳೊಂದಿಗೆ ರೀಬೇಸ್ ಮಾಡಿ (ಕಮಿಟ್‌ಗಳನ್ನು ಹೊಸದಾಗಿ ಮರುರಚಿಸಿ) ತರಬೇಕು. ಅರ್ಧ ಫೀಚರ್ ಮಾಯವಾಗಿ ತಲೆ ಕೆಡಿಸಿಕೊಳ್ಳುವುದು ಬಹುತೇಕ ಇದರಿಂದ.

ಟೆಸ್ಟ್‌ನ ಕೆಂಪು ದೀಪಕ್ಕೆ ಅರ್ಥ ಉಳಿಯಬೇಕು

500 ಟೆಸ್ಟ್‌ಗಳಿವೆ, ಪ್ರತಿಯೊಂದೂ ಸಾವಿರಕ್ಕೊಮ್ಮೆ ಕಾರಣವಿಲ್ಲದೆ ಫೇಲ್ ಆಗುತ್ತದೆ ಎನ್ನಿ. ಇಡೀ ಸುತ್ತು ಹಸಿರಾಗಿ ಮುಗಿಯುವ ಸಾಧ್ಯತೆ 0.999ರ ಐನೂರನೇ ಘಾತ, ಸುಮಾರು 0.61. ಅಂದರೆ ಕೋಡ್‌ನಲ್ಲಿ ದೋಷವೇ ಇಲ್ಲದಿದ್ದರೂ ನೂರರಲ್ಲಿ 39 ಸಲ ಕೆಂಪು. ಇಷ್ಟಾದ ಮೇಲೆ ಕೆಂಪು ಕಂಡಾಗ ಯಾರೂ ಲಾಗ್ ಓದುವುದಿಲ್ಲ, ಮತ್ತೆ ಓಡಿಸುವ ಬಟನ್ ಒತ್ತುತ್ತಾರೆ. ನಿಜವಾದ ರೇಸ್ ಕಂಡಿಶನ್ (ಎರಡು ಕೆಲಸಗಳ ಓಟದ ಕ್ರಮ ಬದಲಾದಾಗ ಮಾತ್ರ ಕಾಣುವ ದೋಷ) ಕೂಡ ಅದೇ ಬಟನ್ ಕೆಳಗೆ ಸತ್ತುಹೋಗುತ್ತದೆ. ಫ್ರೀಜ್‌ನ ಮೊದಲ ವಾರವನ್ನು ಇಂಥ ಚಂಚಲ ಟೆಸ್ಟ್‌ಗಳಿಗೇ ಮೀಸಲಿಡಿ. ಹತ್ತು ಸಲ ಓಡಿಸಿ ಪಟ್ಟಿ ಮಾಡಿ, ಒಂದೊಂದಕ್ಕೂ ಇಶ್ಯೂ ತೆರೆದು ಪ್ರತ್ಯೇಕ ಗುಂಪಿಗೆ ಸರಿಸಿ, ಮುಖ್ಯ ಗುಂಪಿನ ಫಲಿತಾಂಶವನ್ನು ಎಲ್ಲರೂ ನಂಬುವಂತೆ ಮಾಡಿ.

ಇನ್ನೊಂದು ತೊಂದರೆ: ಎರಡು ಪ್ಯಾಚ್‌ಗಳು ತಮ್ಮಷ್ಟಕ್ಕೆ ಪಾಸ್ ಆಗಿ, ಒಟ್ಟಾದಾಗ ಮುರಿಯುವುದು. ಒಂದು ಪ್ಯಾಚ್ ಫಂಕ್ಷನ್‌ಗೆ ಹೊಸ ಆರ್ಗ್ಯುಮೆಂಟ್ ಸೇರಿಸಿ ಕರೆಯುವ ಕಡೆಗಳನ್ನೆಲ್ಲ ತಿದ್ದುತ್ತದೆ. ಇನ್ನೊಂದು ಅದೇ ಹೊತ್ತಿಗೆ ಹಳೆಯ ರೀತಿಯಲ್ಲಿ ಕರೆಯುವ ಹೊಸ ಕಡತ ತರುತ್ತದೆ. ಗಿಟ್‌ಗೆ ಇದರಲ್ಲಿ ಯಾವ ಘರ್ಷಣೆಯೂ ಕಾಣುವುದಿಲ್ಲ. ಮರ್ಜ್ ಆದ ಮೇಲಿನ ಸ್ಥಿತಿಯನ್ನು ಮರ್ಜ್ ಆಗುವ ಮೊದಲೇ ಟೆಸ್ಟ್ ಮಾಡುವ ಮರ್ಜ್ ಕ್ಯೂ ಇದಕ್ಕೆ ಪರಿಹಾರ. ರಸ್ಟ್ ಕಂಪೈಲರ್ ಯೋಜನೆ ಆರಂಭದ ವರ್ಷಗಳಿಂದಲೂ ಇದನ್ನು ಬಾಟ್ ಒಂದರಿಂದ ಮಾಡಿಸುತ್ತಿದೆ.

ಅವಲಂಬನೆಗಳನ್ನೂ, ಅಂದರೆ ನಿಮ್ಮ ಕೋಡ್ ಬಳಸುವ ಹೊರಗಿನ ಲೈಬ್ರರಿಗಳನ್ನೂ ನಿಲ್ಲಿಸಬೇಕು. ಕೋಡ್ ಫ್ರೀಜ್ ಆಗಿದ್ದರೂ ಸಿಐ (ಪ್ರತಿ ಬದಲಾವಣೆಯನ್ನೂ ತಾನಾಗಿ ಬಿಲ್ಡ್ ಮಾಡಿ ಟೆಸ್ಟ್ ಓಡಿಸುವ ವ್ಯವಸ್ಥೆ) ಪ್ರತಿ ಸಲ ಲೈಬ್ರರಿಗಳ ಇತ್ತೀಚಿನ ಆವೃತ್ತಿ ಎಳೆದು ತರುತ್ತಿದ್ದರೆ ಏನೂ ನಿಂತಿಲ್ಲ ಎಂದೇ ಅರ್ಥ. ಪ್ರತಿ ಲೈಬ್ರರಿಯ ನಿಖರ ಆವೃತ್ತಿ ಬರೆದಿಡುವ ಲಾಕ್ ಫೈಲ್ ಇರಲಿ, ಕಂಟೇನರ್ ಇಮೇಜನ್ನು (ಬಿಲ್ಡ್ ನಡೆಯುವ ಸಿದ್ಧ ಪರಿಸರ) ಲೇಟೆಸ್ಟ್ ಎಂಬ ಹೆಸರಿನಿಂದ ಕರೆಯದೆ ಡೈಜೆಸ್ಟ್‌ನಿಂದ, ಅಂದರೆ ಅದರೊಳಗಿನದ್ದರಿಂದ ಲೆಕ್ಕಹಾಕಿದ ಗುರುತಿನಿಂದ, ಕರೆಯಿರಿ. ಆದರೆ ಲಾಕ್ ಇಲ್ಲದ ಒಂದು ಜಾಬ್ ದಿನಾ ಪಕ್ಕದಲ್ಲಿ ಓಡುತ್ತಿರಲಿ, ಮರ್ಜ್ ತಡೆಯುವ ಅಧಿಕಾರ ಅದಕ್ಕೆ ಬೇಡ. ಡಿಸ್ಟ್ರಿಬ್ಯೂಶನ್‌ಗಳು ತಮ್ಮಲ್ಲಿರುವ ಲೈಬ್ರರಿಗಳೊಂದಿಗೇ ಬಿಲ್ಡ್ ಮಾಡುತ್ತವೆ, ಅಲ್ಲಿ ಮುರಿಯುವುದು ಈ ಜಾಬ್‌ನಿಂದ ನಿಮಗೆ ಮುಂಚೆಯೇ ತಿಳಿಯುತ್ತದೆ.

ಆರ್‌ಸಿ ಇರುವುದು ಬಳಸುವುದಕ್ಕೆ

ನಿಮ್ಮ ಟೆಸ್ಟ್‌ಗಳು ನೀವು ಊಹಿಸಿದ್ದನ್ನು ಮಾತ್ರ ಪರೀಕ್ಷಿಸುತ್ತವೆ. 2021ರಲ್ಲಿ ಲಿನಕ್ಸ್ 5.12-ಆರ್‌ಸಿ1 ಬಂದಾಗ ಸ್ವಾಪ್‌ಗೆ (ಮೆಮೊರಿ ಸಾಲದಾಗ ಡಿಸ್ಕಿನಲ್ಲಿ ಬಳಸುವ ಜಾಗ) ಪ್ರತ್ಯೇಕ ಪಾರ್ಟಿಶನ್ ಬಳಸುವವರಿಗೆ ಏನೂ ಆಗಲಿಲ್ಲ. ಸ್ವಾಪ್ ಫೈಲ್ ಬಳಸುವವರಿಗೆ ಮಾತ್ರ ಕರ್ನೆಲ್ ಡಿಸ್ಕಿನ ತಪ್ಪು ಜಾಗದಲ್ಲಿ ಬರೆದು ಫೈಲ್ ಸಿಸ್ಟಮನ್ನೇ ಹಾಳುಮಾಡುವಂತಿತ್ತು. ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಆ ಟ್ಯಾಗ್‌ನ (ಗಿಟ್‌ನಲ್ಲಿ ಆವೃತ್ತಿಯನ್ನು ಗುರುತಿಸುವ ಚೀಟಿ) ಹೆಸರಿಗೇ ಡೋಂಟ್‌ಯೂಸ್ (ಬಳಸಬೇಡಿ) ಎಂದು ಸೇರಿಸಿದರು, ಆರ್‌ಸಿ2 ವಾರಾಂತ್ಯಕ್ಕೆ ಕಾಯದೆ ಬೇಗ ಬಂತು. ಟ್ಯಾಗ್ ಹೆಸರು ಬದಲಿಸುವಷ್ಟು ತಲೆಕೆಡಿಸಿಕೊಳ್ಳಲು ಕಾರಣವಿತ್ತು. ಬೇರೆ ಡೆವಲಪರ್‌ಗಳು ಆರ್‌ಸಿ1ರ ಮೇಲೆ ತಮ್ಮ ಬ್ರಾಂಚ್ ಶುರುಮಾಡಿದರೆ, ತಿಂಗಳುಗಳ ನಂತರ ಬೈಸೆಕ್ಟ್ ಮಾಡುವ ಯಾರೋ ಒಬ್ಬರು ಆ ಕಮಿಟ್‌ಗಳ ಮೇಲೆ ಇಳಿದು ಡಿಸ್ಕ್ ಕಳೆದುಕೊಳ್ಳುತ್ತಿದ್ದರು.

ಆರ್‌ಸಿ ಬಿಟ್ಟು ಸುಮ್ಮನೆ ಕುಳಿತರೆ ಯಾರೂ ಬಳಸುವುದಿಲ್ಲ. ಇನ್‌ಸ್ಟಾಲ್ ಮಾಡುವುದು ಒಂದೇ ಆಜ್ಞೆಯ ಕೆಲಸವಾಗಿರಬೇಕು. ಏನನ್ನು ಪರೀಕ್ಷಿಸಬೇಕು ಎಂದು ಹೆಸರಿಸಿ ಹೇಳಬೇಕು. ಎರಡು ಆರ್‌ಸಿಗಳ ನಡುವೆ ಕನಿಷ್ಠ ಒಂದು ವಾರ, ಅದರಲ್ಲಿ ಒಂದು ವಾರಾಂತ್ಯ ಇರಲಿ. ಸ್ವಯಂಸೇವಕರಿಗೆ ಬಿಡುವಾಗುವುದು ಆಗಲೇ. ರಸ್ಟ್ ತಂಡ ಇನ್ನೂ ಮುಂದೆ ಹೋಗಿ, ಕ್ರೇಟರ್ ಎಂಬ ಉಪಕರಣದಿಂದ ಸಾರ್ವಜನಿಕವಾಗಿ ಲಭ್ಯವಿರುವ ರಸ್ಟ್ ಲೈಬ್ರರಿಗಳನ್ನು ರಾಶಿಯಾಗಿ ಹೊಸ ಕಂಪೈಲರ್‌ನಲ್ಲಿ ಬಿಲ್ಡ್ ಮಾಡಿ ಏನೇನು ಮುರಿಯುತ್ತದೆ ಎಂದು ತಾನೇ ನೋಡುತ್ತದೆ.

ಹೆಸರಿಡುವುದರಲ್ಲೂ ಎಚ್ಚರ ಬೇಕು. ಸೆಮ್ಯಾಂಟಿಕ್ ವರ್ಷನಿಂಗ್‌ನಲ್ಲಿ (ಆವೃತ್ತಿ ಸಂಖ್ಯೆ ಕೊಡುವ ಒಂದು ಪದ್ಧತಿ) ಚುಕ್ಕೆ ಹಾಕಿ ಆರ್‌ಸಿ.2, ಆರ್‌ಸಿ.10 ಎಂದು ಬರೆದರೆ ಅಂಕಿಗಳು ಅಂಕಿಗಳಂತೆ ಹೋಲಿಕೆಯಾಗುತ್ತವೆ. ಚುಕ್ಕೆ ಬಿಟ್ಟು ಆರ್‌ಸಿ2, ಆರ್‌ಸಿ10 ಎಂದರೆ ಅಕ್ಷರಗಳಂತೆ ಹೋಲಿಕೆಯಾಗಿ ಹತ್ತು ಎರಡಕ್ಕಿಂತ ಹಳೆಯದಾಗುತ್ತದೆ. ಡೆಬಿಯನ್ ಪ್ಯಾಕೇಜ್‌ಗಳಲ್ಲಿ ಆರ್‌ಸಿಗೆ ಮುಂಚೆ ಟಿಲ್ಡೆ (~) ಚಿಹ್ನೆ ಹಾಕದಿದ್ದರೆ ಆರ್‌ಸಿಯೇ ಅಂತಿಮ ಆವೃತ್ತಿಗಿಂತ ಹೊಸದೆಂದು ಲೆಕ್ಕಕ್ಕೆ ಬಂದು, ಬಳಕೆದಾರನಿಗೆ ಅಪ್‌ಗ್ರೇಡ್ ಸಿಗುವುದೇ ಇಲ್ಲ.

ಕೊನೆಯ ದಿನದ ಕೆಲಸ

ಅಂತಿಮ ಆವೃತ್ತಿ ಮತ್ತು ಕೊನೆಯ ಆರ್‌ಸಿಯ ನಡುವೆ ಆವೃತ್ತಿ ಸಂಖ್ಯೆ ಹಾಗೂ ರಿಲೀಸ್ ಟಿಪ್ಪಣಿ ಬಿಟ್ಟು ಬೇರೇನೂ ಬದಲಾಗಿರಬಾರದು. ಡಿಫ್ (ಎರಡರ ವ್ಯತ್ಯಾಸದ ಪಟ್ಟಿ) ತೆಗೆದು ನೋಡಿ. ಕೋಡ್‌ನ ಒಂದು ಸಾಲು ಬದಲಾಗಿದ್ದರೂ ಅದು ಇನ್ನೊಂದು ಆರ್‌ಸಿ. ಲೈಬ್ರರಿಯಾದರೆ ಹಿಂದಿನ ಆವೃತ್ತಿಯ ಬೈನರಿಯ ಜೊತೆ ಎಬಿಐಡಿಫ್ (ಎರಡು ಬೈನರಿಗಳ ಇಂಟರ್‌ಫೇಸ್ ಹೋಲಿಸುವ ಉಪಕರಣ) ಓಡಿಸಿ. ಸಾರ್ವಜನಿಕ ಸ್ಟ್ರಕ್ಟ್ (ಡೇಟಾದ ಜೋಡಣೆ) ಒಂದರ ನಡುವೆ ಹೊಸ ಫೀಲ್ಡ್ ಸೇರಿದ್ದರೆ ಸೋರ್ಸ್‌ನಿಂದ ಬಿಲ್ಡ್ ಮಾಡುವವರಿಗೆ ಏನೂ ಗೊತ್ತಾಗುವುದಿಲ್ಲ, ಹಳೆಯ ಬೈನರಿಗಳು ಮಾತ್ರ ತಪ್ಪು ಜಾಗದಿಂದ ಓದುತ್ತವೆ.

ಟಾರ್‌ಬಾಲನ್ನು (ಹಂಚಲು ಕಟ್ಟಿದ ಸೋರ್ಸ್ ಕೋಡ್‌ನ ಗಂಟು) ನೀವು ಕೆಲಸ ಮಾಡುವ ಡೈರೆಕ್ಟರಿಯಿಂದ ಕಟ್ಟಬೇಡಿ, ಹೊಸದಾಗಿ ಕ್ಲೋನ್ ಮಾಡಿ ಕಟ್ಟಿ. ಕಟ್ಟಿದ್ದನ್ನು ಬೇರೆಡೆ ಬಿಚ್ಚಿ ಅಲ್ಲಿಂದಲೇ ಬಿಲ್ಡ್ ಮಾಡಿ ಟೆಸ್ಟ್ ಓಡಿಸಿ. ಗಿಟ್‌ನಲ್ಲಿರುವ ಕಡತ ಟಾರ್‌ಬಾಲ್‌ನಲ್ಲಿ ಬಿಟ್ಟುಹೋಗಿರುವುದು ಆಗಾಗ ಆಗುವ ತಪ್ಪು. ಅದರ ತಿರುಗುಮುರುಗು ಇನ್ನೂ ಅಪಾಯಕಾರಿ. 2024ರ ಮಾರ್ಚ್ 29ರಂದು ಬಯಲಾದ ಎಕ್ಸ್‌ಝಡ್ ಎಂಬ ಸಂಕುಚನ ಉಪಕರಣದ ಹಿಂಬಾಗಿಲು (ಗುಟ್ಟಾಗಿ ಒಳನುಗ್ಗುವ ದಾರಿ) 5.6.0 ಮತ್ತು 5.6.1 ಆವೃತ್ತಿಗಳಲ್ಲಿತ್ತು. ಅದನ್ನು ಚಾಲೂ ಮಾಡುವ ಬಿಲ್ಡ್ ಸ್ಕ್ರಿಪ್ಟ್ ಗಿಟ್ ರೆಪಾಸಿಟರಿಯಲ್ಲಿ ಇರಲಿಲ್ಲ, ಹಂಚಿದ ಟಾರ್‌ಬಾಲ್‌ನಲ್ಲಿ ಮಾತ್ರ ಇತ್ತು. ಟಾರ್‌ಬಾಲ್ ಮನುಷ್ಯನೊಬ್ಬನ ಲ್ಯಾಪ್‌ಟಾಪಿನಲ್ಲಿ ತಯಾರಾಗಬಾರದು ಎನ್ನುವುದು ಈ ಕಾರಣಕ್ಕೆ. ಸೋರ್ಸ್ ಡೇಟ್ ಇಪೋಕ್ ಎಂಬ ಪರಿಸರ ಚರಾಂಶಕ್ಕೆ ಕೊನೆಯ ಕಮಿಟ್‌ನ ಸಮಯ ಕೊಟ್ಟು, ಇಬ್ಬರು ಪ್ರತ್ಯೇಕವಾಗಿ ಕಟ್ಟಿ, ಎರಡರ ಚೆಕ್‌ಸಮ್ (ಕಡತದ ಬೆರಳಚ್ಚಿನಂಥ ಸಂಖ್ಯೆ) ಒಂದೇ ಬರುವಂತೆ ನೋಡಿಕೊಂಡರೆ ಹೊರಗಿನವರೂ ಪರಿಶೀಲಿಸಬಹುದು.

ನಂತರ ಟ್ಯಾಗ್‌ಗೆ ಸಹಿ ಹಾಕಿ, ಕಡತಗಳನ್ನು ಏರಿಸಿ, ಮಿರರ್‌ಗಳಿಗೆಲ್ಲ (ಕಡತಗಳ ಪ್ರತಿ ಇಡುವ ಸರ್ವರ್‌ಗಳು) ತಲುಪಿದ ಮೇಲೆ ಪ್ರಕಟಣೆ ಹೊರಡಿಸಿ. ಹತ್ತು ನಿಮಿಷದಲ್ಲಿ ತಪ್ಪೊಂದು ಕಂಡರೂ ಟ್ಯಾಗನ್ನು ಸರಿಸಿ ಅದೇ ಸಂಖ್ಯೆಯಲ್ಲಿ ಹೊಸ ಕಡತ ಇಡಬಾರದು. ಅಷ್ಟರೊಳಗೆ ಯಾರೋ ಇಳಿಸಿಕೊಂಡಿರುತ್ತಾರೆ, ಗಿಟ್ ಅವರ ಹಳೆಯ ಟ್ಯಾಗನ್ನು ತಾನಾಗಿ ಬದಲಿಸುವುದಿಲ್ಲ, ಒಂದೇ ಹೆಸರಿನ ಎರಡು ಬೇರೆ ಬೇರೆ ಕೋಡ್‌ಗಳು ಜಗತ್ತಿನಲ್ಲಿ ಓಡಾಡತೊಡಗುತ್ತವೆ. 4.2.0 ಕೆಟ್ಟಿದ್ದರೆ ಅದನ್ನು ಬಳಸಬೇಡಿ ಎಂದು ಹೇಳಿ 4.2.1 ಹೊರತನ್ನಿ.